ಕತೆಗೊಂದು ಹೂಂ

“ಗುರುಗಳೇ, ವಯಸ್ಸಾದವರಿಗೆ ಅನ್ನ, ಬಟ್ಟೆ, ಔಷಧ ಯಾವುದಕ್ಕೂ ಕಡಿಮೆ ಮಾಡದಿದ್ದರೂ ಅವರು ಯಾಕೆ ಬಾಡಿಹೋಗುತ್ತಾರೆ?”

ಶಿಷ್ಯ ಕೇಳಿದ್ದು ತನ್ನ ತಾಯಿಯ ವಿಚಾರ. ತಾಯಿಗೆ ಎಂಬತ್ತು ವರ್ಷ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಕಾಯಿಲೆ ಯಾವುದೂ ಇಲ್ಲ. ಆದರೂ ಆರು ತಿಂಗಳಿಂದ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಕರೆದರೆ ಏಳುತ್ತಾಳೆ, ಬಡಿಸಿದರೆ ಎರಡು ತುತ್ತು ಉಣ್ಣುತ್ತಾಳೆ, ಮತ್ತೆ ಗೋಡೆಯ ಕಡೆಗೇ ತಿರುಗುತ್ತಾಳೆ.

ಗುರುಗಳು ಅದಕ್ಕೆ ನೇರ ಉತ್ತರ ಕೊಡಲಿಲ್ಲ.

“ಒಂದು ಊರಿನಲ್ಲಿ ಒಬ್ಬ ನೇಕಾರ ಓಡುವ ತೋಳವನ್ನು ಬಾಲ ಹಿಡಿದು ನಿಲ್ಲಿಸಿದ. ನಂಬುತ್ತೀಯಾ?”

“ಇಲ್ಲ” ಎಂದ ಶಿಷ್ಯ.

“ಒಳ್ಳೆಯದು. ಆ ಊರಿನವರೂ ನಂಬಲಿಲ್ಲ. ಕತೆ ಮುಗಿಯುವವರೆಗೂ ಹೀಗೇ ನಂಬದೆ ಕೂರುವ ತಾಕತ್ತಿದ್ದರೆ ಕೂರು, ನೋಡೋಣ. ಆದರೆ ನಡುನಡುವೆ ಹೂಂ ಅನ್ನುತ್ತಿರು. ಹೂಂ ಅನ್ನುವವರಿಲ್ಲದೆ ನನಗೆ ಕತೆ ಬರುವುದಿಲ್ಲ.”

“ಹೂಂ” ಎಂದ ಶಿಷ್ಯ.

ಗುರುಗಳು ಹೇಳಿದ ಕತೆ ಇದು.

ಕುರಿ ಸಾಕುವವರ ಊರು. ಅಲ್ಲಿ ಮೈಲಾರಿ ಎಂಬ ಕಂಬಳಿ ನೇಕಾರನಿದ್ದ. ಬೇರೆ ಊರಿನವನು, ಮನೆಅಳಿಯನಾಗಿ ಬಂದವನು. ಅವನಂತೆ ಮಗ್ಗದ ಮುಂದೆ ಕೂರುವವರು ಸುತ್ತ ಹದಿನೆಂಟು ಹಳ್ಳಿಯಲ್ಲಿ ಇರಲಿಲ್ಲ. ಅವನಂತೆ ಬಡಾಯಿ ಕೊಚ್ಚುವವರಂತೂ ಹುಟ್ಟಿಯೇ ಇರಲಿಲ್ಲ. ಅವನು ನೇಯ್ದ ಕಂಬಳಿಯಲ್ಲಿ ನೀರು ಕಟ್ಟಿಕೊಂಡು ಹೋದರೆ ಒಂದು ತೊಟ್ಟು ಕೆಳಗೆ ಬೀಳದು. ಅವನ ತಂದೆಯ ಟಗರು ಗುದ್ದಿದರೆ ಕಲ್ಲಿನ ಗೋಡೆ ಬಿರುಕು ಬಿಡುವುದು. ಇದೆಲ್ಲ ಅವನೇ ಹೇಳಿದ್ದು. ಎಲ್ಲಕ್ಕಿಂತ ದೊಡ್ಡದು ತೋಳದ ಸಂಗತಿ. ಮದುವೆಗೆ ಮೊದಲು, ತನ್ನೂರಿನ ಬಯಲಿನಲ್ಲಿ, ಮಂದೆಗೆ ನುಗ್ಗಿದ ತೋಳವನ್ನು ಬರಿಗೈಯಲ್ಲಿ ಬಾಲ ಹಿಡಿದು ನಿಲ್ಲಿಸಿದೆ ಎನ್ನುತ್ತಿದ್ದ.

ಊರ ಕಟ್ಟೆಯ ಮೇಲೆ ಅವನು “ಆವತ್ತು ತೋಳ...” ಎಂದು ಬಾಯಿ ತೆರೆದರೆ ಸಾಕು, ಹಿರಿಯರು ಟವೆಲ್ ಕೊಡವಿ ಎದ್ದುಬಿಡುತ್ತಿದ್ದರು. ಮನೆಯಲ್ಲಿ ಹೆಂಡತಿ ಹಾಲಮ್ಮ ಮಾತ್ರ ಎದ್ದು ಹೋಗುತ್ತಿರಲಿಲ್ಲ, ಕೂತಲ್ಲೇ ನಗುತ್ತಿದ್ದಳು. ಅದು ಇನ್ನೂ ಕಷ್ಟ. ತೋಳದ ಕತೆಯನ್ನು ಕೊನೆಯವರೆಗೆ ಹೇಳಲು ಅವನಿಗೆ ಒಮ್ಮೆಯೂ ಆಗಿರಲಿಲ್ಲ.

ಹಾಲಮ್ಮನಿಗೆ ತಂದೆ ತಾಯಿ ಇರಲಿಲ್ಲ. ಅವಳನ್ನು ಸಾಕಿದವರು ಅಜ್ಜ, ಅಜ್ಜಿ. ಅಜ್ಜ ಐವತ್ತು ವರ್ಷ ಕುರಿ ಹಿಂದೆ ನಡೆದವನು. ಕಾಲು ಸೋತ ಮೇಲೆ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಉಣ್ಣೆ ತಂದುಕೊಂಡು ಪಕ್ಕದಲ್ಲಿ ನೂಲಲು ಕೂರುವಳು. ಅಜ್ಜ ಒಂದು ಕತೆ ಹೇಳುವನು. ಅವಳು ನೂಲಿನಿಂದ ಕಣ್ಣು ಎತ್ತದೆ ಹೂಂ ಅನ್ನುವಳು. ಕತೆ ಯಾವಾಗಲೂ ಒಂದೇ. “ಆ ವರ್ಷ ಮುನ್ನೂರು ಕುರಿ” ಎಂದು ಶುರುವಾಗುವುದು. ಹೊಳೆ ಬರುವುದು. ಒಂದು ಮರಿ ಹಿಂದೆ ಉಳಿಯುವುದು. ಅದಕ್ಕಾಗಿ ಅಜ್ಜ ಹಿಂದೆ ಉಳಿಯುವನು. ಮರಿ ಸಿಗುವುದು. ಮನೆಯ ಮಕ್ಕಳೆಲ್ಲ ಆ ಕತೆ ಕೇಳುತ್ತ ನಿದ್ದೆಹೋಗಿ ದೊಡ್ಡವರಾದರು.

ಅಜ್ಜಿ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಮನೆಯಲ್ಲೊಂದು ಶುಭಕಾರ್ಯ ಆಗಲಿ ಎಂದು ಹಾಲಮ್ಮನ ಮದುವೆ ಮಾಡಿದರು. ಹಾಗೆ ಮೈಲಾರಿ ಆ ಮನೆಗೆ ಬಂದ. ಅಜ್ಜಿಯನ್ನು ಅವನು ನೋಡಲೇ ಇಲ್ಲ.

ಅಜ್ಜಿ ಹೋದ ಮೇಲೂ ಕೆಲವು ಸಂಜೆ ಅಜ್ಜ ಕತೆ ಶುರುಮಾಡಿ ನೋಡಿದ.

“ಆ ವರ್ಷ ಮುನ್ನೂರು ಕುರಿ” ಎಂದ ದೊಡ್ಡ ಮಗನಿಗೆ.

“ಗೊತ್ತು ಬಿಡಪ್ಪ. ಹೊಳೆ ಬಂತು, ಮರಿ ಸಿಕ್ಕಿತು. ಏಳು, ಉಂಡು ಮಲಗು” ಎಂದ ಮಗ. ಅವನೇನೂ ಗದರಿಸಿ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದ.

“ಆ ವರ್ಷ ಮುನ್ನೂರು ಕುರಿ” ಎಂದ ಸೊಸೆಗೆ.

“ಒಲೆ ಮೇಲೆ ಹಾಲಿದೆ ಮಾವ, ಬಂದೆ” ಎಂದು ಅವಳು ಒಳಗೆ ಹೋದಳು. ಹಾಲು ನಿಜವಾಗಿಯೂ ಒಲೆಯ ಮೇಲಿತ್ತು.

ಕೊನೆಗೆ ಹೊಸ ಅಳಿಯನ ಕಡೆ ತಿರುಗಿದ. “ಆ ವರ್ಷ ಮುನ್ನೂರು ಕುರಿ.”

“ಮುನ್ನೂರೂ ಒಂದು ಮಂದೆನಾ ಅಜ್ಜ?” ಎಂದ ಮೈಲಾರಿ. “ನಮ್ಮಪ್ಪನದು ಐನೂರು. ಐನೂರಕ್ಕೂ ಹೆಸರಿಟ್ಟಿದ್ದ. ಕೇಳು, ಹೇಳ್ತೀನಿ...”

ಅವನು ಹೇಳಿದ. ಅಜ್ಜ ಕೇಳಿದನೋ ಇಲ್ಲವೋ ಅವನು ನೋಡಲಿಲ್ಲ. ಆಮೇಲೆ ಆ ಜಗಲಿಯಲ್ಲಿ ಮುನ್ನೂರು ಕುರಿಯ ಮಾತು ಬರಲಿಲ್ಲ. ಆಮೇಲೆ ಬೇರೆ ಮಾತೂ ಬರಲಿಲ್ಲ. ಅಜ್ಜ ಮಲಗಿದ. ಹಿತ್ತಲಿಗೆ ಹೋಗಲು ಮಾತ್ರ ಏಳುವನು. ಮುದ್ದೆ ಮುರಿದು ಕೊಟ್ಟರೆ ತಟ್ಟೆಯಲ್ಲೇ ಬಿಡುವನು. ಮೂರು ತಿಂಗಳಲ್ಲಿ ಅವನ ತೋಳಿನ ಬೆಳ್ಳಿಯ ಕಡಗ ಮೊಣಕೈಯಿಂದ ಕೆಳಗೆ ಜಾರತೊಡಗಿತು.

ಮನೆಯವರು ಕೈಕಟ್ಟಿ ಕೂರಲಿಲ್ಲ. ತುಪ್ಪ ತಂದರು. ಹೊಸ ಕಂಬಳಿ ಹೊದಿಸಿದರು. ಕುಲದೇವರಿಗೆ ಹರಕೆ ಹೊತ್ತರು. ಒಬ್ಬ ವೈದ್ಯ ಬಂದು ನಾಡಿ ಹಿಡಿದು, “ನಾಡಿಯಲ್ಲಿ ದೋಷವಿಲ್ಲ, ಇವರಿಗೆ ಬದುಕಿರುವ ಮನಸ್ಸಿಲ್ಲ” ಎಂದ.

“ನನ್ನ ತಾಯಿಗೂ ವೈದ್ಯರು ಇದನ್ನೇ ಹೇಳಿದರು” ಎಂದ ಶಿಷ್ಯ.

ಗುರುಗಳು ಮಾತು ನಿಲ್ಲಿಸಿ ಸುಮ್ಮನೆ ಕೂತರು. ಶಿಷ್ಯ ಸ್ವಲ್ಪ ಹೊತ್ತು ಕಾದ. ಆಮೇಲೆ ನೆನಪಾಯಿತು.

“ಹೂಂ” ಎಂದ.

ಗುರುಗಳು ಮುಂದುವರಿಸಿದರು.

ಒಂದು ಬೆಳಗ್ಗೆ ಹಾಲಮ್ಮ ಹಿಂದಿನ ಗೋಡೆಗೆ ಒರಗಿ ಅಳುತ್ತಿದ್ದಳು. ಮೈಲಾರಿ ನೋಡಿದ.

“ಯಾಕೆ? ನಾನೇನಾದರೂ ಅಂದೆನಾ?”

“ನೀನು ಅನ್ನದೆ ಇರೋದು ಯಾವಾಗ? ಅದಕ್ಕಲ್ಲ” ಎಂದಳು. “ಅಜ್ಜ ಹೋದರೆ ನನ್ನನ್ನ ‘ಮಗು’ ಅಂತ ಕರೆಯೋರು ಯಾರೂ ಉಳಿಯಲ್ಲ.”

ಉತ್ತರ ಹೊಳೆಯದಿದ್ದಾಗ ಅವನು ಸೀದಾ ಕಟ್ಟೆಗೆ ಹೋಗುವನು. ಅಂದೂ ಹೋದ. ಅಲ್ಲಿ ಹಿರಿಯರು ಅಜ್ಜನ ವಿಷಯವನ್ನೇ ಆಡುತ್ತಿದ್ದರು. “ಇನ್ನು ಹದಿನೈದು ದಿನ ಕಂಡರೆ ಹೆಚ್ಚು” ಎಂದ ಒಬ್ಬ.

ಮೈಲಾರಿಗೆ ತಡೆಯಲಾಗಲಿಲ್ಲ. “ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ ಇದೆ. ಅಷ್ಟರೊಳಗೆ ಅಜ್ಜ ತನ್ನ ಕಾಲ ಮೇಲೆ ನಡೆದು ಬಂದು ಇದೇ ಕಟ್ಟೆ ಮೇಲೆ ಕೂತು ಮಾತಾಡ್ತಾನೆ. ಮಾತಾಡಿಸೋನು ನಾನು. ಆಗದಿದ್ದರೆ ನೀವೇ ನನ್ನ ಮೀಸೆ ಬೋಳಿಸಿ.”

“ಮೀಸೆ ಬೋಳಿಸೋಕೆ ನೀನು ನಿಂತಿರ್ತೀಯಾ, ಇಲ್ಲ ತೋಳದ ಬಾಲ ಹಿಡ್ಕೊಂಡು ಊರು ಬಿಟ್ಟಿರ್ತೀಯಾ?” ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಮೈಲಾರಿ ಮೀಸೆ ತಿರುವುತ್ತ ಮನೆಗೆ ಬಂದ. ಹೇಗೆ ಮಾತಾಡಿಸುವುದು ಎಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದು ಅವನನ್ನು ಎಂದೂ ತಡೆದಿರಲಿಲ್ಲ.

ಅವನ ಗುಂಡಿ ಮಗ್ಗ ಇದ್ದದ್ದೂ ಜಗಲಿಯಲ್ಲೇ; ಅದರಲ್ಲಿ ಕೂತರೆ ಅಜ್ಜ ಮಲಗುವ ಜಾಗ ಕೈಗೆಟಕುವಷ್ಟು ಹತ್ತಿರ. ಅಜ್ಜನಿಗೆ ಬೇಜಾರಾಗಿದೆ, ಬೇಜಾರಾದವರಿಗೆ ಮಾತು ಬೇಕು, ಮಾತಿನಲ್ಲಿ ತನ್ನಂಥವನು ಇನ್ನೊಬ್ಬನಿಲ್ಲ. ಹೀಗೆ ಲೆಕ್ಕ ಹಾಕಿ ಅವನು ಮಾತು ಶುರುಮಾಡಿದ. ಲಾಳಿ ಅತ್ತ ಹೋದರೆ ಒಂದು ಕತೆ, ಇತ್ತ ಬಂದರೆ ಒಂದು ಕತೆ. ಅಪ್ಪನ ಟಗರು, ನೀರು ಸೋರದ ಕಂಬಳಿ, ಐನೂರು ಕುರಿಯ ಐನೂರು ಹೆಸರು. ನಾಲ್ಕನೆಯ ದಿನ ಟಗರಿನ ಹಾಗೆ ಎಗರಿ ತೋರಿಸಿದ. ಆರನೆಯ ದಿನ ತೋಳದ ಹಾಗೆ ಊಳಿಟ್ಟ; ಊರ ನಾಯಿಗಳೆಲ್ಲ ಬಾಗಿಲಿಗೆ ಬಂದು ನಿಂತವು. ಅಜ್ಜ ಕಣ್ಣು ತೆರೆಯಲಿಲ್ಲ. ಎಂಟನೆಯ ದಿನ ನಾಲ್ಕು ಜನ ಡೊಳ್ಳಿನವರನ್ನು ಕರೆತಂದು ಜಗಲಿಯಲ್ಲೇ ಬಾರಿಸಿದ. ಡೊಳ್ಳಿಗಿಂತ ಜೋರಾಗಿ ಹಾಡಿದ.

ಎಂಟು ದಿನದಲ್ಲಿ ಅಜ್ಜ ಮಾಡಿದ್ದು ಒಂದೇ ಕೆಲಸ. ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ.

ಒಂಬತ್ತನೆಯ ದಿನ ಬೆಳಗ್ಗೆ ಮೈಲಾರಿ ಎದ್ದು ಹೆಂಡತಿಯನ್ನು ಕರೆಯಲು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಹಾಲಮ್ಮ ಮೆಣಸಿನ ಕಷಾಯ ಕುಡಿಸಿದಳು. ಮಾತು ಬರಲಿಲ್ಲ. ಅಜ್ಜನ ದೊಡ್ಡ ಮಗ ಬಂದು ನೋಡಿ, “ಮನೆಯಲ್ಲಿ ಮಾತಾಡಿಸಬೇಕಾದವರು ಈಗ ಇಬ್ಬರಾದರು” ಎಂದ. ಮೈಲಾರಿ ಕೈ ಎತ್ತಿ ಏನೋ ಹೇಳಲು ಹೋಗಿ, ಕೈ ಇಳಿಸಿದ.

ಅಂದು ದಿನವಿಡೀ ಅವನು ಮಾತಿಲ್ಲದೆ ನೇಯ್ದ. ಆ ಜಗಲಿ ಅಷ್ಟು ಸುಮ್ಮನಿದ್ದದ್ದು ಅವನು ಬಂದ ಮೇಲೆ ಅದೇ ಮೊದಲು. ಮೀಸೆಗೆ ಇನ್ನು ಮೂರು ದಿನ. ಅವನಿಗೆ ಮೀಸೆಯ ಚಿಂತೆ ಮೊದಲು ಬಂತು. ಆಮೇಲೆ ಮೀಸೆಯ ಚಿಂತೆ ಸವೆದು ಹಾಲಮ್ಮನ ಚಿಂತೆ ಬಂತು. ದೀಪ ಹಚ್ಚುವ ಹೊತ್ತಾಯಿತು. ಗಂಟಲು ಬಿಟ್ಟಿದೆಯೋ ಎಂದು ನೋಡಲು ಬಾಯಿ ಮುಚ್ಚಿಕೊಂಡೇ ಒಮ್ಮೆ ಶಬ್ದ ಮಾಡಿದ.

“ಹೂಂ.”

ಕಂಬಳಿಯ ಒಳಗೆ ಏನೋ ಅಲುಗಿತು.

“ಆ ವರ್ಷ” ಎಂದಿತು ಒಂದು ದನಿ. ತುಕ್ಕು ಹಿಡಿದ ಬಾಗಿಲಿನಂಥ ದನಿ. “ಆ ವರ್ಷ ಮುನ್ನೂರು ಕುರಿ.”

ಮೈಲಾರಿ ಮಗ್ಗದ ಗುಂಡಿಯಿಂದ ಎಗರಿ ನಿಂತ. ಮಾವಾ, ಹಾಲೀ, ಎಲ್ಲ ಬನ್ನಿ, ಮಾತಾಡಿಸಿದೆ ನೋಡಿ ಎಂದು ಮನೆಯ ಸೂರು ಹಾರುವಂತೆ ಕೂಗಬೇಕೆನಿಸಿತು. ಕೂಗಿದ. ಗಾಳಿ ಬಂತು. ಮುನ್ನೂರೂ ಒಂದು ಮಂದೆನಾ ಎಂಬ ಮಾತೂ ಅಭ್ಯಾಸದಂತೆ ನಾಲಗೆಗೆ ಬಂತು. ಅದಕ್ಕೂ ದನಿ ಇರಲಿಲ್ಲ. ಇದ್ದದ್ದು ಒಂದೇ.

“ಹೂಂ” ಎಂದ.

ಅಜ್ಜ ಮುಖದ ಮೇಲಿನ ಕಂಬಳಿ ಸರಿಸಿದ. ಅವನು ಮೈಲಾರಿಯನ್ನು ನೋಡಲಿಲ್ಲ. ಮೇಲೆ ತೊಲೆಯನ್ನು ನೋಡುತ್ತ ಹೇಳಿದ. ಮೇವು ಹುಡುಕುತ್ತ ಹೊಳೆಯ ಸೀಮೆಗೆ ಹೋದದ್ದು. ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ತರುಬಿ ನಿಲ್ಲಿಸಿದ್ದು. ಮದುವೆಯಾಗಿ ಆಗ ಎರಡು ತಿಂಗಳು. ಪ್ರತಿ ಮಾತಿಗೂ ಅಜ್ಜ ನಿಲ್ಲುವನು. ಹೂಂ ಬಂದರೆ ಮುಂದೆ ನಡೆಯುವನು. ಹೊಳೆಯ ದಡಕ್ಕೆ ಬರುವಷ್ಟರಲ್ಲಿ ದಣಿದು ಕಣ್ಣು ಮುಚ್ಚಿದ.

ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದ ಹಾಲಮ್ಮ ಗಂಡನ ಹತ್ತಿರ ಬಂದು ಪಿಸುಗುಟ್ಟಿದಳು. “ನೀನು ಅಂದ ಹಾಗೇ ಅಜ್ಜಿ ಅನ್ನುತ್ತಿದ್ದಳು.”

ಹತ್ತನೆಯ ದಿನ ಬೆಳಗ್ಗೆ ಮೈಲಾರಿಯ ಗಂಟಲು ಬಿಟ್ಟಿತು. ಪೂರ್ತಿ ಬಿಟ್ಟಿತು. ಹನ್ನೊಂದು ಗಂಟೆಗೆ ಕಟ್ಟೆಯ ಹಿರಿಯನೊಬ್ಬ ಮನೆ ಮುಂದೆ ಹಾದುಹೋಗುತ್ತ, “ಮೀಸೆಗೆ ಎಣ್ಣೆ ಹಚ್ಚಿಡಪ್ಪ ಅಳಿಯ, ಕತ್ತಿ ಸಲೀಸಾಗಿ ಓಡಲಿ” ಎಂದ. ಮೈಲಾರಿಯ ಬಾಯಿಗೆ ನೂರು ಉತ್ತರ ಬಂದವು. ಅಜ್ಜ ಮಾತಾಡಿದ ಎಂದು ಒಂದು ಮಾತು ಅಂದರೆ ಸಾಕಿತ್ತು. ಆದರೆ ಒಂದು ಅಂದರೆ ನೂರೂ ಹೊರಗೆ ಬರುತ್ತವೆ. ಅದು ಅವನಿಗೇ ಗೊತ್ತು. ಮುದುಕ ಈಗ ಹೊಳೆಯ ದಡದಲ್ಲಿ ನಿಂತಿದ್ದಾನೆ. ಇಲ್ಲಿ ಗದ್ದಲವಾದರೆ ಮತ್ತೆ ಕಂಬಳಿ ಎಳೆದುಕೊಳ್ಳುತ್ತಾನೆ. ಮೈಲಾರಿ ತುಟಿ ಕಚ್ಚಿ ಲಾಳಿ ತಳ್ಳಿದ. ಓಡುವ ತೋಳದ ಬಾಲ ಹಿಡಿಯುವುದು ಕಷ್ಟವಿರಬಹುದು. ತನ್ನ ಮಾತಿನ ಬಾಲ ಹಿಡಿದು ನಿಲ್ಲಿಸುವುದು ಅದಕ್ಕಿಂತ ಕಷ್ಟ. ಅಂದು ಅವನು ಅದನ್ನು ಹಿಡಿದ.

ಸಂಜೆಯಾಯಿತು. ಅಜ್ಜ ಮಗ್ಗದ ಕಡೆ ತಿರುಗಿ ಮಲಗಿದ್ದ.

“ಹೂಂ” ಎಂದ ಮೈಲಾರಿ.

ಅಜ್ಜ ಹೇಳಿದ. ಹೆಂಡತಿ ಮುಂದೆ ನಡೆದು ಮಂದೆಯನ್ನೆಲ್ಲ ದಾಟಿಸಿದಳು. ಅವನು ಹಿಂದೆ ಇದ್ದ. ಮೇಲೆ ಎಲ್ಲೋ ಮಳೆಯಾಗಿತ್ತು. ಅವನು ನೀರಿಗೆ ಕಾಲಿಡುವ ಮೊದಲೇ ಹೊಳೆ ಕೆಂಪಾಗಿ ಏರಿ ಬಂತು. ಆ ದಡದಲ್ಲಿ ಅವಳು, ಮುನ್ನೂರು ಕುರಿ. ಈ ದಡದಲ್ಲಿ ಅವನು. ಅಲ್ಲಿಗೆ ಅಜ್ಜ ನಿಲ್ಲಿಸಿದ. ದಣಿವಿನಿಂದ ನಿಲ್ಲಿಸಿದಂತೆ ಕಾಣಲಿಲ್ಲ.

ಹನ್ನೊಂದನೆಯ ದಿನ ಸಂಜೆ ಹೂಂ ಎಂದರೂ ಅಜ್ಜ ಶುರುಮಾಡಲಿಲ್ಲ. ಎದ್ದು ಕೂತ. ಗೋಡೆಗೆ ಒರಗಿದ. ಆಮೇಲೆ ಕೇಳಿದ.

“ನಾನು ಯಾಕೆ ಹಿಂದೆ ಉಳಿದೆ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆ?”

ಮರಿಗಾಗಿ, ಅದು ಎಲ್ಲರಿಗೂ ಗೊತ್ತು ಎಂದು ಮೈಲಾರಿಯ ನಾಲಗೆಯ ತುದಿಗೆ ಬಂತು. ನುಂಗಿಕೊಂಡ.

“ಹೂಂ.”

“ಮರಿ ಇರಲಿಲ್ಲ.”

“ಹೂಂ.”

“ಹೊಳೆ ನೋಡಿದೆ, ಕಾಲು ಬರಲಿಲ್ಲ. ಹೆದರಿಬಿಟ್ಟೆ ಕಣೋ. ಅವಳು ಅಲ್ಲಿಂದ ಬಾ ಬಾ ಅಂತ ಕೂಗ್ತಿದ್ದಾಳೆ. ನಾನು ಕಲ್ಲಿನ ಮರೆಗೆ ಹೋಗಿ ಕೂತು ಅತ್ತೆ.”

“ಹೂಂ.”

“ನೀರು ಇನ್ನೂ ಇಳಿದಿರಲಿಲ್ಲ. ದೊಡ್ಡ ಟಗರಿನ ಕೊರಳು ತಬ್ಬಿಕೊಂಡು ಈಜಿಕೊಂಡು ಬಂದಳು. ಹದಿನಾರು ವರ್ಷದ ಹುಡುಗಿ. ಯಾಕೆ ಅಳ್ತೀಯ ಅಂತ ಕೇಳಲಿಲ್ಲ. ನನ್ನ ಕೈ ಹಿಡಿದು, ಟಗರಿನ ಆ ಕಡೆ ನನ್ನ ನಿಲ್ಲಿಸಿ, ಈ ಕಡೆ ತಾನು ನಿಂತು ದಾಟಿಸಿದಳು.”

“ಹೂಂ.”

“ನಮ್ಮವರು ಬಂದು ಕೇಳಿದರು, ಇವನು ಯಾಕೆ ಆ ಕಡೆ ಉಳಿದಿದ್ದ ಅಂತ. ನಾನು ಬಾಯಿ ಬಿಡೋದರೊಳಗೆ ಅವಳೇ ಹೇಳಿದಳು. ಒಂದು ಮರಿ ಉಳಿದಿತ್ತು, ಅದನ್ನ ಹುಡುಕ್ತಿದ್ದ ಅಂತ. ಆ ಮರಿ ನಂದಲ್ಲ. ಅವಳು ಹುಟ್ಟಿಸಿದ ಮರಿ.”

ಈ ಸಲ ಹೂಂ ಬರುವುದು ತಡವಾಯಿತು. ಬಂತು.

“ಐವತ್ತು ವರ್ಷ ಆ ಮರಿ ಕತೆ ಹೇಳಿದೆ. ಎಲ್ಲ ಗೊತ್ತಿದ್ದವಳು ಪಕ್ಕದಲ್ಲಿ ಕೂತು ಹೂಂ ಅಂದಳು. ಒಂದು ದಿನ ತಪ್ಪಿ ನಗಲಿಲ್ಲ. ಅವಳು ಹೋದಮೇಲೆ ನಿಜ ಗೊತ್ತಿರೋನು ನಾನೊಬ್ಬನೇ ಉಳಿದೆ. ಸಾಯೋ ಮುಂಚೆ ಯಾರಿಗಾದರೂ ಹೇಳೋಣ ಅಂತ ಎಷ್ಟು ಸಲ ಶುರುಮಾಡಿದೆ. ಎಲ್ಲರೂ ಮರಿಯನ್ನ ನನಗಿಂತ ಮುಂಚೆ ಹುಡುಕಿ ಕೊಟ್ಟುಬಿಡ್ತಿದ್ದರು.”

ಮೈಲಾರಿ ತಲೆ ತಗ್ಗಿಸಿದ. ಮರಿಯವರೆಗೂ ಬಿಡದೆ, ಮುನ್ನೂರಕ್ಕೇ ಅವನನ್ನು ತಡೆದು ನಿಲ್ಲಿಸಿದವನು ತಾನು.

“ಹೂಂ” ಎಂದ ಮೆಲ್ಲಗೆ.

ಅಜ್ಜ ಅತ್ತ. ಅತ್ತು ಮುಗಿಯುವವರೆಗೂ ಅತ್ತ. ಆಮೇಲೆ ಮೂಗು ಒರೆಸಿಕೊಂಡು ಕೂತಿದ್ದವನು ಇದ್ದಕ್ಕಿದ್ದಂತೆ ನಕ್ಕ. “ಆ ಮರಿಗೆ ಬಿಳಿ ಕಾಲು ಅಂತ ಬೇರೆ ಸೇರಿಸಿದ್ದೆ ನಾನು. ಅದಕ್ಕೂ ಹೂಂ ಅಂದಳಲ್ಲೋ ಅವಳು.” ಹೊಟ್ಟೆ ಹಿಡಿದು ನಕ್ಕ. ತಡೆಯಲಾಗದೆ ಮೈಲಾರಿಯೂ ನಕ್ಕ. ನಗುವಿನ ಸದ್ದಿಗೆ ಹಾಲಮ್ಮ ಓಡಿಬಂದಳು.

ಅಜ್ಜ ಅವಳ ಕಡೆ ತಿರುಗಿದ. “ಮಗು, ಹುರುಳಿ ಸಾರಿದೆಯಾ? ಹಸಿವಾಗ್ತಿದೆ.”

ಸಾರು ಇರಲಿಲ್ಲ. ಹಾಲಮ್ಮ ಒಳಗೆ ಓಡಿ ಒಲೆ ಹಚ್ಚಿದಳು. ದೊಡ್ಡ ಸೊಸೆ ಎದ್ದು ಬಂದು ರಾಗಿ ಹಿಟ್ಟು ತೆಗೆದಳು. ಅಂದು ಅಜ್ಜ ಒಂದು ಮುದ್ದೆ ಪೂರ್ತಿ ಉಂಡ. ಸಾರಿಗೆ ಉಪ್ಪು ಕಡಿಮೆ ಎಂದು ತಕರಾರೂ ತೆಗೆದ. ಮೂರು ತಿಂಗಳ ಮೇಲೆ ಕೇಳಿದ ಆ ತಕರಾರಿಗೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಸಿರು ಬಿಟ್ಟರು.

ಅಮಾವಾಸ್ಯೆಯ ದಿನ ಅಜ್ಜ ಕೋಲು ಹಿಡಿದು ಕಟ್ಟೆಗೆ ಹೊರಟ. ದಾರಿಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡ. ಯಾರ ಹೆಗಲನ್ನೂ ಹಿಡಿಯಲಿಲ್ಲ. ಕಟ್ಟೆಯ ಮೇಲೆ ಕೂತು ಮೊದಲು ಕೇಳಿದ್ದು, “ನಮ್ಮ ಅಳಿಯನ ಮೀಸೆಗೆ ಕೈ ಹಾಕೋನು ಯಾರಪ್ಪ? ಮುಂದೆ ಬರಲಿ, ಮುಖ ನೋಡೋಣ.”

ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಮೈಲಾರಿಯನ್ನು ಸುತ್ತಿಕೊಂಡರು.

“ಏನು ಮಾಡಿದೆಯೋ? ಮದ್ದಾ, ಮಂತ್ರಾನಾ?”

ಊರಿಗೆ ಊರೇ ಕಿವಿ ತೆರೆದು ಅವನ ಮಾತಿಗೆ ಕಾದು ನಿಂತದ್ದು ಅದೇ ಮೊದಲು. ಎಂಥ ಬಡಾಯಿ ಹೇಳಿದರೂ ಅಂದು ನಡೆಯುತ್ತಿತ್ತು. ಆದರೆ ಹೇಗೆ ಎಂದು ಬಿಡಿಸಿ ಹೇಳಿದರೆ ಹೊಳೆಯ ವಿಷಯ ಬರುತ್ತದೆ. ಹೊಳೆಯ ವಿಷಯ ಅಜ್ಜನದು. ಮೈಲಾರಿ ಅಜ್ಜನ ಕಡೆ ನೋಡಿದ. ಅಜ್ಜ ಕೋಲಿನ ಮೇಲೆ ಗದ್ದ ಊರಿ ಎತ್ತಲೋ ನೋಡುತ್ತಿದ್ದ.

“ಏನೂ ಮಾಡಲಿಲ್ಲ. ಗಂಟಲು ಕಟ್ಟಿತ್ತು” ಎಂದ ಮೈಲಾರಿ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಅವನು ಆ ಊರಿಗೆ ಬಂದ ಮೇಲೆ ಹೇಳಿದ ಅಪ್ಪಟ ನಿಜವೆಂದರೆ ಅದೊಂದೇ. ಅದನ್ನೂ ಒಬ್ಬರೂ ನಂಬಲಿಲ್ಲ.

ಅಂದು ಸಂಜೆ ಮೈಲಾರಿ ಎಂದಿನಂತೆ ಮಗ್ಗದಲ್ಲಿ ಕೂತು ಹೂಂ ಎಂದ. ಅಜ್ಜ ತಲೆಯಾಡಿಸಿದ.

“ನಂದು ಮುಗೀತು. ನಿಂದು ಹೇಳು.”

“ನಂದು ಯಾವುದಜ್ಜ?”

“ಅದೇ, ಆ ತೋಳದ್ದು. ಬಂದಾಗಿಂದ ಶುರುಮಾಡ್ತಾನೇ ಇದ್ದೀಯ. ಯಾರೂ ಮುಗಿಸೋಕೆ ಬಿಡಲಿಲ್ಲ.”

ಮೈಲಾರಿ ಲಾಳಿ ಕೆಳಗಿಟ್ಟ. ಮೀಸೆಯ ಮೇಲೆ ಕೈಯಾಡಿಸಿದ. “ಆವತ್ತು ತೋಳದ ಬಾಲ...” ಎಂದು ಎಂದಿನ ದನಿಯಲ್ಲಿ ಹೊರಟ. ಅಲ್ಲಿಗೆ ಎಲ್ಲರೂ ಏಳುವ ಹೊತ್ತು. ಅಜ್ಜ ಏಳಲಿಲ್ಲ. ನಗಲೂ ಇಲ್ಲ. ಕೂತಿದ್ದ.

ಮೈಲಾರಿಯ ದನಿ ಇಳಿಯಿತು.

“ಬಾಲ ಅಲ್ಲ ಅಜ್ಜ. ನಾನು ಹಿಡಿದಿದ್ದು ಮರಿಯ ಕಾಲು. ಆ ಕಡೆಯಿಂದ ತೋಳ ಎಳೀತಿತ್ತು, ಈ ಕಡೆಯಿಂದ ನಾನು. ಕಣ್ಣು ಮುಚ್ಚಿಕೊಂಡುಬಿಟ್ಟಿದ್ದೆ. ಅವ್ವಾ ಅಂತ ಕಿರುಚ್ತಿದ್ದೆ. ಆದರೆ ಕೈ ಮಾತ್ರ ಬಿಡಲಿಲ್ಲ.”

ಮೈಲಾರಿ ಕಾದ.

ತೋಳವನ್ನು ನಂಬದ ಊರಿನಲ್ಲಿ, ಮೀಸೆಯ ಪಂದ್ಯ ಗೆದ್ದ ದಿನ, ಕೊನೆಗೂ ಅವನಿಗೆ ಸಿಕ್ಕಿದ್ದು ಅಜ್ಜನ ಬಾಯಿಂದ ಬಂದ ಒಂದು ಹೂಂ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಹಗುರವಾಗಿತ್ತು. ತೋಳವನ್ನು ನಂಬಬಾರದೆಂದು ಕೂತಿದ್ದು ಅವನಿಗೆ ಮರೆತೇಹೋಗಿತ್ತು. ಅವನು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

“ತಿಳಿಯಿತು ಗುರುಗಳೇ. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ಈಗಲೇ ಹೋಗಿ ತಾಯಿಯ ಪಕ್ಕ ಕೂರುತ್ತೇನೆ, ಅವಳ ಕತೆಗೆ ಹೂಂ ಅನ್ನುತ್ತೇನೆ.”

“ಅವಳು ಶುರುಮಾಡಿ, ನೀನು ನಿಲ್ಲಿಸಿದ ಕತೆ ಯಾವುದು?” ಎಂದರು ಗುರುಗಳು.

ಎದ್ದಿದ್ದ ಶಿಷ್ಯ ಮತ್ತೆ ಕೂತು, ಆ ಕತೆ ಯಾವುದೆಂದು ನೆನಪು ಮಾಡಿಕೊಳ್ಳತೊಡಗಿದ.